ಗಾಡಿ ತಗ್ಗಿಸುವವರ ಜೊತೆ ನನ್ನ ಜಗಳ

ಕಾರಿನ ಮಾತು ಬಂದರೆ ನಮ್ಮ ಕಡೆಯ ಮನೆಗಳಲ್ಲಿ ಹೆಂಗಸರು ಎದ್ದು ಚಹಾ ಮಾಡಲು ಒಳಗೆ ಹೋಗುತ್ತಾರೆ. ನಾವು ಸೀರೆ ಕೊಳ್ಳುವಾಗ ಗಂಡಸರು ಅಂಚಿನ ಬಗ್ಗೆಯೂ ಮಾತಾಡುತ್ತಾರೆ, ಸೆರಗಿನ ಬಗ್ಗೆಯೂ ಮಾತಾಡುತ್ತಾರೆ, ದುಬಾರಿಯಾಯಿತೆಂದು ಮುಖವನ್ನೂ ಗಂಟು ಹಾಕುತ್ತಾರೆ. ಆದರೆ ಗಾಡಿಯ ವ್ಯವಹಾರದಲ್ಲಿ ನಾವು ಬಾಯಿ ಹಾಕುವಂತಿಲ್ಲ. ಪಾಟ್ಲಿ ಬಿಚ್ಚಿ ಕೊಡಬಹುದು, ಹಿಂದಿನ ಸೀಟಿನಲ್ಲಿ ಬುತ್ತಿಯ ಗಂಟು ಹಿಡಿದು ಕೂಡಬಹುದು, ಅಷ್ಟೆ. ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮೂವತ್ತು ವರ್ಷದ ಹತ್ತಿರ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳಿಗೆ ಸ್ಪ್ರಿಂಗಿನ ಉಸಾಬರಿ ಯಾಕೆ ಎಂದು ಕೇಳುವವರಿಗೆ ಮೊದಲೇ ಹೇಳುತ್ತೇನೆ: ಸ್ಪ್ರಿಂಗಿನ ಮೇಲೆ ಕೂಡುವವಳು ನಾನು, ಅದಕ್ಕೆ.

ನನ್ನ ತಂಗಿಯ ಮಗ ಹಳೆಯ ಕಾರೊಂದನ್ನು ಕೊಂಡಿದ್ದಾನೆ. ಪೋಲೋ ಜಿಟಿ ಅಂತ. 2013ರಲ್ಲಿ ನಮ್ಮ ದೇಶದ ಪೇಟೆಗೆ ಬಂದದ್ದು; ಪೋಲೋ ಕಾರಿನ ಮಾರಾಟವೇ 2022ರಲ್ಲಿ ಇಲ್ಲಿ ನಿಂತುಹೋಯಿತು. ಆಕಾರ ಸಣ್ಣದು, ಓಟ ಜೋರು. ಹುಡುಗರ ಬಾಯಲ್ಲಿ ಅದು ಸ್ಪೋರ್ಟ್ಸ್ ಕಾರು. ಕೊಳ್ಳುವ ಮೊದಲು ಮನೆಯಲ್ಲಿ ಆದ ಮಾತು ಬೇರೆಯೇ ಇತ್ತು. ಅವ್ವನ ಬೆನ್ನುನೋವಿಗೆ ಧಾರವಾಡದ ಡಾಕ್ಟರ ಹತ್ತಿರ ಹೋಗಿಬರಲಿಕ್ಕೆ, ಬಸುರಿ ಅಕ್ಕನನ್ನು ತವರಿಗೆ ಕರೆತರಲಿಕ್ಕೆ ಒಂದು ಗಾಡಿ ಬೇಕು ಎಂದು. ತಂಗಿ ಪಾಟ್ಲಿ ಒತ್ತೆ ಇಟ್ಟು ದುಡ್ಡು ಕೊಟ್ಟಳು. ಗಾಡಿ ಬಂದ ಮೂರನೆಯ ವಾರಕ್ಕೆ ಅದನ್ನು ‘ತಗ್ಗಿಸುವ’ ಮಾತು ಶುರುವಾಯಿತು. ಗೆಳೆಯರಲ್ಲಿ ಎರಡು ಪಂಗಡ. ಒಂದು ಪಂಗಡದವರು ಲೋವರಿಂಗ್ ಸ್ಪ್ರಿಂಗ್ ಹಾಕಿಸು, ಕಡಿಮೆ ಖರ್ಚು ಎನ್ನುತ್ತಾರೆ. ಇನ್ನೊಂದು ಪಂಗಡದವರು ಹಾಕಿಸುವುದಾದರೆ ಕಾಯಿಲೋವರ್ ಹಾಕಿಸು, ಬೇಕಾದಷ್ಟು ಏರಿಸಬಹುದು, ಇಳಿಸಬಹುದು ಎನ್ನುತ್ತಾರೆ. ರಾತ್ರಿ ಹತ್ತರವರೆಗೆ ಕಟ್ಟೆಯ ಮೇಲೆ ಇದೇ ಚರ್ಚೆ. ತಗ್ಗಿಸುವುದು ಯಾಕೆ ಎಂಬ ಪ್ರಶ್ನೆ ಮಾತ್ರ ಆ ಕಟ್ಟೆಯ ಮೇಲೆ ಒಮ್ಮೆಯೂ ಏಳಲಿಲ್ಲ. ನಾನು ಕೇಳಿದೆ.

“ದೊಡ್ಡವ್ವಾ, ನಿನಗ ತಿಳಿಯಂಗಿಲ್ಲ. ಗಾಡಿ ನೆಲಕ್ಕ ಹತ್ತಿದಂಗ ಇದ್ರ ತಿರುವಿನ್ಯಾಗ ಗಟ್ಟಿ ಹಿಡೀತೈತಿ” ಅಂದ.

“ಯಾವ ತಿರುವಿನ್ಯಾಗೋ ತಮ್ಮಾ? ಗುಡ್ಡದ ತಿರುವಿನ್ಯಾಗ ಎತ್ತು ಅಡ್ಡ ಬರ್ತಾವ” ಅಂದೆ.

ಅವನು ನಕ್ಕ. ಆದರೆ ತಿಳಿಯುವುದಿಲ್ಲ ಎಂದದ್ದು ನನಗೆ ಚುಚ್ಚಿತು. ಮಕ್ಕಳಿಗೆ ಹಾಗೆ ಅಂದರೆ ಅವರು ಪುಸ್ತಕ ಮುಚ್ಚುತ್ತಾರೆ, ನಾನು ತೆರೆದೆ. ನಮ್ಮ ಶಾಲೆಯ ವಿಜ್ಞಾನದ ಮಾಸ್ತರರನ್ನು ಕೇಳಿದೆ, ಗ್ಯಾರೇಜಿನ ಮಿಸ್ತ್ರಿಯನ್ನೂ ಕೇಳಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ, ಕಠಿಣವೇನಲ್ಲ.

ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಅದು ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಸ್ಪ್ರಿಂಗೊಂದೇ ಇದ್ದರೆ ಪಂಚಮಿಯ ಜೋಕಾಲಿಯ ಹಾಗೆ; ಒಮ್ಮೆ ಜೀಕಿದರೆ ತಾನಾಗಿ ನಿಲ್ಲುವುದಿಲ್ಲ. ಹಗ್ಗ ಹಿಡಿದು ನಿಲ್ಲಿಸುವ ಕೈ ಬೇಕು. ಆ ಕೈಯೇ ಶಾಕ್ ಅಬ್ಸಾರ್ಬರು, ಮಿಸ್ತ್ರಿಗಳ ಬಾಯಲ್ಲಿ ಶಾಕಪ್ಪು. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ತೂತಿನ ಕೊಂತ. ಎಣ್ಣೆ ತೂತಿನಿಂದ ನುಸುಳಿ ಹೋಗಬೇಕಾದ್ದರಿಂದ ಕುಣಿತ ಬೇಗ ಅಡಗುತ್ತದೆ. ಸ್ಪ್ರಿಂಗು ಎಷ್ಟು ಗಟ್ಟಿಯೋ ಶಾಕಪ್ಪು ಅದಕ್ಕೆ ತಕ್ಕಂತಿರಬೇಕು. ಗಂಡ ಹೆಂಡತಿಯ ಜೋಡಿಯಂತೆ ಎಂದು ಮಿಸ್ತ್ರಿ ಹೇಳಿದ, ನಾನು ತಿದ್ದಲಿಲ್ಲ.

ಲೋವರಿಂಗ್ ಸ್ಪ್ರಿಂಗ್ ಎಂದರೆ ಕಂಪನಿಯ ಸ್ಪ್ರಿಂಗನ್ನು ತೆಗೆದು ಅದಕ್ಕಿಂತ ಗಿಡ್ಡವೂ ಗಟ್ಟಿಯೂ ಆದ ಸ್ಪ್ರಿಂಗನ್ನು ಕೂಡಿಸುವುದು. ಸಾಮಾನ್ಯವಾಗಿ ಗಾಡಿ 30–40 ಮಿಲಿಮೀಟರ್ ಕೆಳಗಿಳಿಯುತ್ತದೆ. ಶಾಕಪ್ಪು ಮಾತ್ರ ಹಳೆಯದೇ. ಉದ್ದ ಸ್ಪ್ರಿಂಗಿಗೆಂದು ಮಾಡಿದ ಶಾಕಪ್ಪು ಈಗ ಅರ್ಧ ಕುಗ್ಗಿದ ಸ್ಥಿತಿಯಲ್ಲೇ ದಿನವೆಲ್ಲ ದುಡಿಯಬೇಕು. ದೊಡ್ಡ ತಗ್ಗು ಬಂದಾಗ ಕುಗ್ಗಲು ಜಾಗವಿಲ್ಲದೆ ಕೊನೆಯ ರಬ್ಬರಿಗೆ ಹೋಗಿ ಬಡಿಯುತ್ತದೆ. ಆ ಬಡಿತ ಸೀಟಿಗೆ, ಸೀಟಿನಿಂದ ನಮ್ಮ ಸೊಂಟಕ್ಕೆ. ಹತ್ತು ವರ್ಷ ಓಡಿದ ಗಾಡಿಯಲ್ಲಿ ಶಾಕಪ್ಪು ಮೊದಲೇ ಸೋತಿರುತ್ತದೆ. ಅದರ ಮೇಲೆ ಈ ಹೊಸ ಭಾರ.

ಕಾಯಿಲೋವರ್ ಎಂದರೆ ಸ್ಪ್ರಿಂಗೂ ಶಾಕಪ್ಪೂ ಜೊತೆಗೂಡಿಯೇ ಬರುವ ಜೋಡಿ. ಸ್ಪ್ಲೆಂಡರ್ ಬೈಕಿನ ಹಿಂದಿನ ಗಾಲಿಯ ಹತ್ತಿರ ನೋಡಿರಿ. ನಡುವೆ ಕೊಳವೆ, ಸುತ್ತ ಸ್ಪ್ರಿಂಗು, ಬುಡದಲ್ಲಿ ಗಟ್ಟಿ ಮೆದು ಮಾಡಲು ಹಲ್ಲಿನ ಬಳೆ. ಅದೇ ಜಾತಿ. ಕಾರಿನದರಲ್ಲಿ ಕೊಳವೆಗೆ ತಿರುಪಿನ ಗೆರೆ ಕೊರೆದಿರುತ್ತಾರೆ. ಬಳೆ ತಿರುವಿ ಗಾಡಿಯನ್ನು ಮೇಲೆ ಕೆಳಗೆ ಮಾಡಬಹುದು. ಒಳ್ಳೆಯದರಲ್ಲಿ ಸ್ಪ್ರಿಂಗಿಗೆ ತಕ್ಕ ಶಾಕಪ್ಪೇ ಇರುತ್ತದೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಸ್ಪ್ರಿಂಗಿಗೆ ಹತ್ತಾರು ಸಾವಿರವಾದರೆ ಒಳ್ಳೆಯ ಕಾಯಿಲೋವರಿಗೆ ಲಕ್ಷದ ಸುತ್ತಮುತ್ತ ಮತ್ತು ಅದಕ್ಕೂ ಮೇಲೆ. ಧೂಳು ಮಳೆಯ ನಮ್ಮ ಸೀಮೆಯಲ್ಲಿ ಆ ತಿರುಪನ್ನು ತೊಳೆದು ಒರೆಸಿ ಇಡದಿದ್ದರೆ ತುಕ್ಕು ಹಿಡಿದು ಬಳೆ ಬಿಗಿದುಕೊಳ್ಳುತ್ತದೆ. ಆಮೇಲೆ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ.

ಮೂರನೆಯ ಜಾತಿಯೊಂದಿದೆ. ದುಡ್ಡಿಲ್ಲದ ಹುಡುಗರು ಕಂಪನಿಯ ಸ್ಪ್ರಿಂಗನ್ನೇ ಒಂದೆರಡು ಸುತ್ತು ಕತ್ತರಿಸಿಬಿಡುತ್ತಾರೆ. ಕತ್ತರಿಸಿದ ತುದಿ ತನ್ನ ಕೂರುವ ಜಾಗದಲ್ಲಿ ಸರಿಯಾಗಿ ಕೂಡುವುದಿಲ್ಲ, ಗಾಲಿ ತಗ್ಗಿಗೆ ಬಿದ್ದು ಮೇಲೆದ್ದಾಗ ಜಾರಬಹುದು. ಇದರ ಬಗ್ಗೆ ಚರ್ಚೆಯೇ ಬೇಡ. ಯಾರಾದರೂ ಹೀಗೆ ಮಾಡಿಸಿದ ಗಾಡಿಗೆ ನಿಮ್ಮ ಮಕ್ಕಳನ್ನು ಹತ್ತಿಸಬೇಡಿರಿ.

ಈಗ ಹುಡುಗರ ವಾದಕ್ಕೆ ಬರೋಣ. ಅವರು ಸುಳ್ಳು ಹೇಳುತ್ತಿಲ್ಲ. ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ಗಾಡಿ ಹೊರಳುವುದು ಕಡಿಮೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲೋ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲೋ ಕನ್ನಡಿಯಂಥ ರಸ್ತೆಯ ಮೇಲೆ ಪಂದ್ಯ ಓಡಿಸುವವರು ಗಾಡಿ ತಗ್ಗಿಸುತ್ತಾರೆ, ಗಟ್ಟಿ ಸ್ಪ್ರಿಂಗ್ ಹಾಕುತ್ತಾರೆ. ಅಲ್ಲಿ ಅದು ಶಾಸ್ತ್ರ. ನನ್ನ ತಕರಾರು ಇಷ್ಟೇ: ಸವದತ್ತಿಯಿಂದ ಯರಗಟ್ಟಿಗೆ ಹೋಗುವವನಿಗೆ ನೋಯ್ಡಾದ ಶಾಸ್ತ್ರ ಯಾತಕ್ಕೆ?

ಗಾಲಿ ರಸ್ತೆಯನ್ನು ಹಿಡಿಯಬೇಕಾದರೆ ಮೊದಲು ರಸ್ತೆಯನ್ನು ಮುಟ್ಟಿರಬೇಕು. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎರಡು ಮಳೆಗಾಲ ಕಳೆಯುವುದರೊಳಗೆ ಅಲೆಅಲೆಯಾಗುತ್ತದೆ. ಇಂಥ ರಸ್ತೆಯಲ್ಲಿ ಗಟ್ಟಿ ಸ್ಪ್ರಿಂಗಿನ ಗಾಲಿ ಒಂದು ಉಬ್ಬಿನಿಂದ ಇನ್ನೊಂದಕ್ಕೆ ಹಾರುತ್ತದೆ. ಹಾರಿದ ಗಳಿಗೆಯಲ್ಲಿ ಅದಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ಮೆತ್ತಗಿರುವ, ಉದ್ದಕ್ಕೆ ಕುಗ್ಗಿ ಹಿಗ್ಗುವ ಸ್ಪ್ರಿಂಗೇ ಇಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ. ನನ್ನ ಮಾತು ಬೇಡವೆಂದರೆ ಪಂದ್ಯದವರನ್ನೇ ಕೇಳಿರಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಓಡಿಸುವವರು ಗಾಡಿಯನ್ನು ಎತ್ತರಿಸುತ್ತಾರೆ. 1953ರಲ್ಲಿ ಪೂರ್ವ ಆಫ್ರಿಕಾದಲ್ಲಿ ಶುರುವಾದ ಸಫಾರಿ ರ‍್ಯಾಲಿಯಲ್ಲಿಯೂ ಅದೇ ಪದ್ಧತಿ. ಅವರೂ ವೇಗದ ಹುಚ್ಚಿನವರೇ. ಆದರೆ ತಮ್ಮ ಮುಂದಿರುವ ನೆಲವನ್ನು ನೋಡಿ ಗಾಡಿ ಕಟ್ಟುತ್ತಾರೆ. ನಮ್ಮ ಹಿರಿಯರು ಚಕ್ಕಡಿಗೆ ಎದೆಮಟ್ಟದ ಗಾಲಿ ಮಾಡಿಸುತ್ತಿದ್ದದ್ದು ಚಂದಕ್ಕಲ್ಲ. ಎರೆ ಹೊಲದ ಕೆಸರು ಅಚ್ಚಿಗೆ ಹತ್ತಬಾರದೆಂದು. ಅವರಿಗೆ ಇದ್ದ ಬುದ್ಧಿ ಮೊಬೈಲಿನಲ್ಲಿ ಜರ್ಮನಿಯ ರಸ್ತೆ ನೋಡುವ ಮಗನಿಗೆ ಇಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ದೇಶದ ಸಣ್ಣ ಕಾರುಗಳ ಹೊಟ್ಟೆ ನೆಲದಿಂದ ಸುಮಾರು 165 ಮಿಲಿಮೀಟರ್ ಮೇಲಿರುತ್ತದೆ. ನಾಲ್ಕು ಜನ ದೊಡ್ಡವರು, ಜಾತ್ರೆಯ ಸಾಮಾನು ಏರಿದರೆ 40 ಮಿಲಿಮೀಟರ್ ಕುಗ್ಗಿತೆನ್ನೋಣ, ಉಳಿದದ್ದು 125. ಈಗ ಗಾಡಿಯನ್ನು 40 ತಗ್ಗಿಸಿರಿ. ಗಟ್ಟಿ ಸ್ಪ್ರಿಂಗು, ಭಾರಕ್ಕೆ ಕಡಿಮೆ ಕುಗ್ಗೀತು, 30 ಅನ್ನೋಣ. ಉಳಿಯುವುದು 95. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪಿನ ಎತ್ತರ 100 ಮಿಲಿಮೀಟರ್, ಅಗಲ 3.7 ಮೀಟರ್. ಅಷ್ಟು ಅಗಲವಾಗಿ ಇಳಿಜಾರಾಗಿ ಮಾಡಿದ ಹಂಪನ್ನು ತಗ್ಗಿಸಿದ ಗಾಡಿಯೂ ದಾಟೀತು, ಯಾಕೆಂದರೆ ಗಾಲಿಗಳೂ ಹಂಪಿನ ಮೇಲೆಯೇ ಏರಿರುತ್ತವೆ. ಆದರೆ ನಮ್ಮ ಹಳ್ಳಿಗಳ ಹಂಪುಗಳು ಆ ಜಾತಿಯವಲ್ಲ. ಒಂದು ಮೊಳ ಅಗಲದ ದಿಬ್ಬ. ಮುಂದಿನ ಗಾಲಿ ದಾಟಿ ಹಿಂದಿನದು ಇನ್ನೂ ಬರದಿರುವಾಗ ಇಡೀ ದಿಬ್ಬ ಹೊಟ್ಟೆಯ ಕೆಳಗಿರುತ್ತದೆ. ಅದು ನಿಯಮದ 100ರಷ್ಟೇ ಇದ್ದರೂ 95ರ ಹೊಟ್ಟೆಗೆ ತಾಗಿತು. ಎಂಜಿನ್ ಎಣ್ಣೆಯ ಚೇಂಬರ್ ಒಡೆದು, ಎಣ್ಣೆ ಸೋರಿದ್ದು ಗೊತ್ತಾಗದೆ ಓಡಿಸಿದರೆ ಎಂಜಿನ್ನೇ ಜಾಮ್. ಆ ಖರ್ಚಿನ ಮುಂದೆ ಕಾಯಿಲೋವರ್ ಅಗ್ಗ.

ಹಂಪಿನ ಬಗ್ಗೆ ಇನ್ನೊಂದು ಮಾತಿದೆ. ಹುಡುಗರು ಹಂಪು ಬಂದಾಗಲೆಲ್ಲ ಊರವರನ್ನು ಬಯ್ಯುತ್ತಾರೆ. ಹಳ್ಳಿಯವರು ನಿಯಮದ ಪುಸ್ತಕ ನೋಡಿ ಹಂಪು ಹಾಕುವುದಿಲ್ಲ, ನಿಜ. ರಸ್ತೆ ದಾಟುವ ಕೂಸೊಂದು, ಕೊಡ ಹೊತ್ತ ಮುದುಕಿಯೊಬ್ಬಳು ಗಾಡಿಯಡಿ ಸಿಕ್ಕ ಮರುದಿನ ಮಣ್ಣು ಕಲ್ಲು ತಂದು ಸುರಿಯುತ್ತಾರೆ. ಅನೇಕ ಹಂಪುಗಳ ಕೆಳಗೆ ಇಂಥದೊಂದು ಕಥೆಯಿರುತ್ತದೆ. ಅದರ ಮೇಲೆ ನಿಧಾನ ಹೋಗಲು ಏನು ಕಷ್ಟ?

ತಗ್ಗಿಸಿದ ಗಾಡಿಯವನಿಗೆ ನಿಧಾನ ಹೋದರೂ ಕಷ್ಟವೇ. ಅದಕ್ಕೆ ಅವನು ಎರಡು ಉಪಾಯ ಮಾಡುತ್ತಾನೆ. ಒಂದು, ಹಂಪನ್ನು ಓರೆಯಾಗಿ ಏರುತ್ತಾನೆ; ಒಂದೊಂದೇ ಗಾಲಿ ಏರಲೆಂದು ಎದುರು ಬರುವವರ ಪಾಲಿನ ರಸ್ತೆಗೂ ಅಡ್ಡ ಬರುತ್ತಾನೆ. ಎರಡು, ಹಂಪು ಮುಗಿಯುವ ಅಂಚಿನಲ್ಲಿ ಎರಡು ಗಾಲಿ ಮಣ್ಣಿಗಿಳಿಸಿ ಸುತ್ತಿ ಹೋಗುತ್ತಾನೆ. ಆ ಮಣ್ಣಿನ ಅಂಚು ಯಾರದು? ಶಾಲೆ ಬಿಟ್ಟ ಮೇಲೆ ನಮ್ಮ ಹುಡುಗಿಯರು ಕೈಕೈ ಹಿಡಿದು ನಡೆಯುವುದು ಅದೇ ಅಂಚಿನಲ್ಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ತಲೆಯ ಮೇಲೆ ಜಗ ಹೊತ್ತು, ಹಣೆಗೆ ಭಂಡಾರ ಹಚ್ಚಿಕೊಂಡು, ಬರಿಗಾಲಲ್ಲಿ ಎಲ್ಲಮ್ಮನ ಗುಡ್ಡಕ್ಕೆ ನಡೆಯುವ ಹೆಂಗಸರು ಹೋಗುವುದೂ ಅದೇ ಅಂಚಿನಲ್ಲಿ. ಶಾಲೆಯ ಗೇಟಿನಲ್ಲಿ ನಿಂತು ಮಕ್ಕಳನ್ನು ದಾಟಿಸುವ ಪಾಳಿ ನನಗೂ ಬರುತ್ತದೆ. ಹಂಪಿನ ಮೇಲೆ ಹೋಗುವ ಗಾಡಿಗೆ ನಾನು ಹೆದರುವುದಿಲ್ಲ, ಹಂಪು ತಪ್ಪಿಸುವ ಗಾಡಿಗೆ ಹೆದರುತ್ತೇನೆ. ನನ್ನ ಜಗಳದ ಮೂಲ ಇದೇ. ಗಾಡಿ ಅವನ ಸ್ವಂತದ್ದು, ತಗ್ಗಿಸುವುದು ಅವನ ಖುಷಿ ಎನ್ನುವವರು ಒಂದು ದಿನ ಸಂಜೆ ಬಂದು ಆ ಗೇಟಿನ ಹತ್ತಿರ ನಿಲ್ಲಲಿ.

ಕಾಯಿದೆಯೂ ಹುಡುಗರ ಪರವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪುಸ್ತಕದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕೆ ಭಿನ್ನವಾಗುವಂತೆ ಮಾಲೀಕ ತನ್ನ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ನಿಯಮ ಒಪ್ಪದ ಪ್ರತಿಯೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು. “ಬೈಲಹೊಂಗಲದ ಆರ್.ಟಿ.ಓ. ಆಫೀಸಿನವರು ಟೇಪು ಹಿಡಿದು ಅಳೀತಾರೇನು?” ಎಂದು ಹುಡುಗ ಕೇಳಿದ. ಅವರು ಅಳೆಯಲಿಕ್ಕಿಲ್ಲ. ಅಪಘಾತವಾದ ದಿನ ವಿಮೆಯವರು ಅಳೆದಾರು. ಅವರಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಕ್ಲೇಮಿನಲ್ಲಿ ತಕರಾರಿಗೆ ಕಾರಣವಾಗುತ್ತದೆ. ಆಗ ಎರಡನೆಯ ಜೊತೆ ಪಾಟ್ಲಿ ಎಲ್ಲಿಂದ ಬರಬೇಕು?

ಹವ್ಯಾಸಕ್ಕೆ ನಾನು ವಿರೋಧಿಯಲ್ಲ. ಈ ಹುಡುಗ ಹತ್ತನೆಯ ಇಯತ್ತೆಯ ಗಣಿತದಲ್ಲಿ ಮೂವತ್ತೈದಕ್ಕೆ ದಡ ಸೇರಿದವನು. ಈಗ ಸ್ಪ್ರಿಂಗಿನ ಬಿಗುವನ್ನು ಕಿಲೋ ಮಿಲಿಮೀಟರಿನ ಲೆಕ್ಕದಲ್ಲಿ ಬಾಯಲ್ಲೇ ಹೇಳುತ್ತಾನೆ. ಕೇಳಿ ನನಗೆ ಸಂತೋಷವಾಗುತ್ತದೆ. ಆದರೆ ಅವನ ಲೆಕ್ಕದಲ್ಲಿ ಹಿಂದಿನ ಸೀಟಿಲ್ಲ. ಮುಂದೆ ಕೂತು ಸ್ಟೇರಿಂಗ್ ಹಿಡಿದವನಿಗೆ ತಗ್ಗು ಕಾಣುತ್ತದೆ, ಮೈ ತಾನಾಗಿ ಸಜ್ಜಾಗುತ್ತದೆ. ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ, ಬಡಿತ ಬಡಿದ ಮೇಲೆಯೇ ಗೊತ್ತಾಗುವುದು. ಸವದತ್ತಿಯಿಂದ ಧಾರವಾಡಕ್ಕೆ ನಲವತ್ತು ಕಿಲೋಮೀಟರಿನ ಹತ್ತಿರ. ಏಳು ತಿಂಗಳ ಬಸುರಿ, ಬೆನ್ನುಮೂಳೆ ಸವೆದ ಅವ್ವ ಆ ದಾರಿಯನ್ನು ಗಟ್ಟಿ ಸ್ಪ್ರಿಂಗಿನ ಮೇಲೆ ಹೋಗಿಬರಬೇಕೆ? 2023ರ ಜೂನಿನಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ನಮಗೆ ಚೀಟಿಯ ದುಡ್ಡಿಲ್ಲ. ಹಾಗೇನಾದರೂ ಆದರೆ ಪಾಟ್ಲಿ ಕೊಟ್ಟವಳು ಪಾಟಾದ ಬಸ್ಸಿಗೇ ಹೋಗುವುದು ಲೇಸು.

ಹಾಗಾದರೆ ಏನು ಮಾಡಬೇಕು ಎಂದು ಅವನು ಕೇಳಿದ. ಬರಿ ಬೇಡವೆನ್ನುವುದು ಹಟವಾಗುತ್ತದೆ, ಹಾಗಾಗಿ ನನ್ನ ತೀರ್ಪು ಪೂರ್ತಿ ಹೇಳಿದ್ದೇನೆ. ಮೊದಲು ಗಾಡಿ ಈಗ ಹೇಗಿದೆ ನೋಡು. ಬಾನೆಟ್ಟಿನ ಒಂದು ಮೂಲೆಯನ್ನು ಕೈಯಿಂದ ಒತ್ತಿ ಬಿಡು. ಒಮ್ಮೆ ಎದ್ದು ನಿಂತರೆ ಶಾಕಪ್ಪು ಜೀವಂತ, ಎರಡು ಮೂರು ಸಲ ತೂಗಿದರೆ ಸೋತಿದೆ. ಟಾಯರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ಹಳೆಯ ಟಾಯರಿನ ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ. ಹೊಸ ನಾಲ್ಕು ಟಾಯರು, ಕಂಪನಿಯ ಅಳತೆಯ ಹೊಸ ಶಾಕಪ್ಪು, ಸವೆದ ಬುಶ್ಶುಗಳು, ಬ್ರೇಕ್ ಪ್ಯಾಡು, ವ್ಹೀಲ್ ಅಲೈನ್‌ಮೆಂಟು. ಇಷ್ಟು ಮಾಡಿಸಿದರೆ ಅದೇ ಗಾಡಿ ತಿರುವಿನಲ್ಲಿ ನೀನು ಬಯಸಿದ್ದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ಎತ್ತರವೂ ಉಳಿಯುತ್ತದೆ. ಹಳೆಯ ಗಾಡಿ ಸಡಿಲಾಗಿ ಓಡುವುದು ಎತ್ತರದಿಂದಲ್ಲ, ಸವೆತದಿಂದ.

ಅಷ್ಟಾದ ಮೇಲೂ ಎರಡರಲ್ಲಿ ಒಂದು ಬೇಕೇ ಬೇಕೆಂದರೆ, ಆರ್.ಟಿ.ಓ. ಮತ್ತು ವಿಮೆಯವರನ್ನು ಕೇಳಿ ಅವರು ಒಪ್ಪಿದ ಮೇಲೆ, ನನ್ನ ಮತ ಕಾಯಿಲೋವರಿಗೆ. ಅದರಲ್ಲಿ ಸ್ಪ್ರಿಂಗಿಗೆ ತಕ್ಕ ಶಾಕಪ್ಪು ಇರುತ್ತದೆ, ಎತ್ತರವನ್ನು ಕಂಪನಿ ಇಟ್ಟಲ್ಲಿಗೆ ಹತ್ತಿರವಾಗಿ ಇಟ್ಟುಕೊಳ್ಳಬಹುದು. ಆದರೆ ಹೆಸರಿಲ್ಲದ ಅಗ್ಗದ ನಕಲು ಬೇಡ. ಒಳ್ಳೆಯದಕ್ಕೆ ದುಡ್ಡು ಸಾಲದಿದ್ದರೆ ಕೂಡಿಬರುವವರೆಗೆ ತಡೆಯಬೇಕು, ಮತ್ತು ಆ ದುಡ್ಡು ಅವನ ಸ್ವಂತ ದುಡಿಮೆಯದಾಗಿರಬೇಕು. ಸೋತ ಶಾಕಪ್ಪಿನ ಮೇಲೆ ಗಿಡ್ಡ ಸ್ಪ್ರಿಂಗು ಮಾತ್ರ ಯಾವ ಕಾರಣಕ್ಕೂ ಬೇಡ. ಅಗ್ಗವೆಂದು ಹೆಚ್ಚು ಜನ ಮಾಡಿಸುವುದು ಅದನ್ನೇ.

ಓದುವ ಅಕ್ಕತಂಗಿಯರಿಗೆ ನನ್ನದೊಂದು ವಿನಂತಿ. ನಿಮ್ಮ ಮನೆಯ ಹುಡುಗನೂ ನಾಳೆ ಇಂಥ ಮಾತು ಎತ್ತುತ್ತಾನೆ. ಆಗ ಚಹಾಕ್ಕೆಂದು ಎದ್ದು ಹೋಗಬೇಡಿರಿ, ಅವನೇ ಮಾಡಿ ತರಲಿ. ನಾಲ್ಕು ಜನ ಕೂತಾಗ ಹೊಟ್ಟೆಯ ಕೆಳಗೆ ಎಷ್ಟು ಉಳಿಯುತ್ತದೆ ಎಂದು ಕೇಳಿರಿ. ಶಾಕಪ್ಪು ಹಳೆಯದೋ ಹೊಸದೋ ಎಂದು ಕೇಳಿರಿ. ವಿಮೆಯವರ ಕಾಗದ ತೋರಿಸು ಅನ್ನಿರಿ. ಉತ್ತರ ಗೊತ್ತಿದ್ದವನು ಸಿಟ್ಟಾಗುವುದಿಲ್ಲ. ಸಿಟ್ಟಾದವನ ಕೈಗೆ ಪಾಟ್ಲಿ ಕೊಡಬೇಡಿರಿ. ಕೊಟ್ಟಾಗಿದ್ದರೆ, ಗಾಡಿಯ ಒಂದು ಬೀಗದಕೈ ನಿಮ್ಮ ಸೆರಗಿನ ಗಂಟಿನಲ್ಲಿರಲಿ.